ಸೋಮವಾರ ಎತ್ತಿಗೂ ರಜೆ

ನಮ್ಮೂರು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ. ಬಿಇ ಮುಗಿಸಿ ಬೆಂಗಳೂರಲ್ಲಿ ಕೋಡ್ ಬರೆಯೋ ನನಗೆ 'ಬರ್ನ್‌ಔಟ್' ಅನ್ನೋ ಪದ ಹೊಸದಲ್ಲ. ಆದರೆ ಅದರ ಮುಖ ಕಂಡಿದ್ದು ಒಂದು ದೀಪಾವಳಿಯಲ್ಲಿ. ಎಂಡಿ ಓದುತ್ತಿದ್ದ ಚಿಕ್ಕಪ್ಪನ ಮಗಳು ಒಂದು ದಿನದ ಮಟ್ಟಿಗೆ ಊರಿಗೆ ಬಂದಿದ್ದಳು. ಊಟದ ತಟ್ಟೆ ಮುಂದಿಟ್ಟುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋದಳು. ಎಬ್ಬಿಸಿದರೆ ಗಾಬರಿಯಾಗಿ ಕೇಳಿದ್ದು ಒಂದೇ ಮಾತು: "ಅಣ್ಣಾ, ವಾರ್ಡಿಂದ ಫೋನ್ ಬಂದಿತ್ತೇನು?" ಚಿಕ್ಕಮ್ಮ ದೃಷ್ಟಿ ತೆಗೆದರು. ನಾನು ಬೆಂಗಳೂರಿಗೆ ಬಂದು ಒಂದು ವರದಿ ಓದಿದೆ.

ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ ಅದು. ಅಧ್ಯಕ್ಷರು ನಮ್ಮ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ. ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಅವರು ಲೆಕ್ಕ ಹಾಕಿದರು. ಆನ್‌ಲೈನ್ ಸಮೀಕ್ಷೆಯಲ್ಲಿ 25,590 ಪದವಿ ವಿದ್ಯಾರ್ಥಿಗಳು, 5,337 ಪಿಜಿಗಳು ಉತ್ತರ ಕೊಟ್ಟಿದ್ದಾರೆ. ಆತ್ಮಹತ್ಯೆಯ ಯೋಚನೆ ಬಂದಿತ್ತು ಅಂದ ಪಿಜಿಗಳು ನೂರಕ್ಕೆ 31. "ಡಾಕ್ಟರ್ ಆಗೋರಿಗೆ ಎಂಥ ಚಿಂತಿ" ಅನ್ನೋರ ಬಾಯಿ ಮುಚ್ಚಿಸೋಕೆ ಆ ಒಂದು ಸಂಖ್ಯೆ ಸಾಕು.

ನನ್ನ ತಕರಾರು ಇರೋದು ಪರಿಹಾರದ ಬಗ್ಗೆ. ಪಿಜಿಗಳಿಗೆ ವಾರಕ್ಕೆ 74 ಗಂಟೆ ಮೀರಬಾರದು ಅನ್ನುತ್ತೆ ವರದಿ. ಐದು ದಿನ ಹತ್ತತ್ತು ಗಂಟೆ, ಒಂದು ದಿನ ಪೂರ್ತಿ 24 ಗಂಟೆ, ಒಂದು ದಿನ ರಜೆ. ಅದೇ ವರದಿ ದಿನಕ್ಕೆ 7–8 ಗಂಟೆ ನಿದ್ದೆ ಮಾಡಿ ಅಂತಲೂ ಹೇಳುತ್ತೆ. 24 ಗಂಟೆ ಡ್ಯೂಟಿಯ ದಿನ ಆ ನಿದ್ದೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಇಂಥ ಎರಡು ಕಂಡೀಶನ್ ಒಟ್ಟಿಗೆ ಬರೆದರೆ ಕೋಡ್ ರಿವ್ಯೂನಲ್ಲೇ ವಾಪಸ್ ಬರುತ್ತೆ.

2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡೀರಿ ಅಂದಾಗ ನಾವು ಎಷ್ಟು ಕೂಗಾಡಿದೆವು, ನೆನಪಿದೆಯಾ? ಇಲ್ಲಿ ಅದಕ್ಕಿಂತ ನಾಲ್ಕು ಗಂಟೆ ಜಾಸ್ತಿ ಇರೋದಕ್ಕೆ 'ಸುಧಾರಣೆ' ಅಂತ ಹೆಸರು. ಹೌದು, 90–100 ಗಂಟೆ ದುಡಿಯೋರಿಗೆ 74 ಕೂಡ ಸ್ವರ್ಗವೇ. ಆದರೆ ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್ 5ರಂದೇ ರೆಸಿಡೆಂಟ್ ವೈದ್ಯರಿಗೆ ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ಗಂಟೆ ಅಂತ ನಿರ್ದೇಶನ ಹೊರಡಿಸಿತ್ತು. 2023ರ ಪಿಜಿ ನಿಯಮಗಳಲ್ಲಿ ಅದು 'ಸಮಂಜಸವಾದ' ಕೆಲಸದ ಅವಧಿ ಆಯಿತು, ಸಂಖ್ಯೆಯೇ ಇಲ್ಲ. ಈಗ 74. ಮೂವತ್ತು ವರ್ಷದಲ್ಲಿ ನಾವು ಹೋಗಿದ್ದು ಹಿಂದಕ್ಕೆ.

ಸಮಸ್ಯೆ ಬರೀ ಮನಸ್ಸಿನಲ್ಲಿದ್ದರೆ ಯೋಗ, ಆಪ್ತಸಲಹೆ ಸಾಕು. ಟೆಲಿ ಮಾನಸ್ 14416 ಇದೆ, ಕಷ್ಟದಲ್ಲಿರೋರು ದಯವಿಟ್ಟು ಫೋನ್ ಮಾಡಿ. ಆದರೆ ಫೋನ್ ಮಾಡೋಕೂ ಹತ್ತು ನಿಮಿಷ ಬಿಡುವು ಬೇಕಲ್ಲ! ಇದು ಡ್ಯೂಟಿ ಪಟ್ಟಿಯ ಸಮಸ್ಯೆ. ಹತ್ತು ಜನರ ಕೆಲಸ ಐದು ಜನ ಮಾಡುತ್ತಿದ್ದರೆ ಇನ್ನೈದು ಜನರನ್ನು ತರಬೇಕು. ಎಷ್ಟು ಗಂಟೆ ದುಡಿದರು ಅಂತ ಸರಿಯಾಗಿ ಬರೆದಿಡಬೇಕು. ಅದು ಮೀರಿದರೆ ದಂಡ ಕಾಲೇಜಿಗೆ ಬೀಳಬೇಕು. ಅಲ್ಲೀತನಕ ಪಿಜಿ ಅಂದರೆ ಡ್ಯೂಟಿ ಹಾಕುವಾಗ ನೌಕರ, ಹಕ್ಕು ಕೇಳಿದರೆ ವಿದ್ಯಾರ್ಥಿ.

ಇದು ಡಾಕ್ಟರುಗಳ ಮನೆ ಜಗಳವೂ ಅಲ್ಲ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಯಾನ್ ಅನ್ನೋ 18ರ ಹುಡುಗಿ ಸತ್ತಳು. ಪತ್ರಕರ್ತನಾಗಿದ್ದ ಅವಳ ಅಪ್ಪ, ದಣಿದ ಕಿರಿಯ ವೈದ್ಯರ ಮೇಲೆ ಇಡೀ ರಾತ್ರಿಯ ಭಾರ ಹಾಕೋ ಪದ್ಧತಿಯ ವಿರುದ್ಧ ಹೋರಾಡಿದ. 1989ರಲ್ಲಿ ಆ ರಾಜ್ಯ 80 ಗಂಟೆಯ ಮಿತಿ ತಂತು. ಅಂಕಿ ದೊಡ್ಡದೇ, ಆದರೆ ಅದು ಸಲಹೆಯಲ್ಲ, ನಿಯಮ. ನಮ್ಮೂರಿಂದ ರಾತ್ರಿ ಎರಡಕ್ಕೆ ಯಾರನ್ನಾದರೂ ದೊಡ್ಡಾಸ್ಪತ್ರೆಗೆ ಒಯ್ದರೆ ಮೊದಲು ನಾಡಿ ಹಿಡಿಯೋದು ಇಂಥ ಪಿಜಿಯೇ. ಆ ಕೈಗೆ ನಿದ್ದೆ ಸಿಕ್ಕಿರಬೇಕು ಅನ್ನೋದು ನಮ್ಮ ಸ್ವಾರ್ಥವೂ ಹೌದು.

ತಂಗಿಯ ಡ್ಯೂಟಿ ಪಟ್ಟಿಯನ್ನು ಅಪ್ಪನಿಗೆ ಓದಿ ಹೇಳಿದೆ. ನಮ್ಮ ಕಡೆ ಸೋಮವಾರ ಎತ್ತು ಹೂಡೋದಿಲ್ಲ, ಎಷ್ಟೇ ಬಿತ್ತನೆ ಬಾಕಿ ಇರಲಿ. ಅಪ್ಪ ಪೂರ್ತಿ ಕೇಳಿ ಇಷ್ಟೇ ಅಂದ: "ಅಕೀಗಿ ಸೋಮವಾರ ಯಾವಾಗೋ ತಮ್ಮಾ?"

ವರದಿಯಲ್ಲಿ ಹುಡುಕಿದೆ. ವಾರಕ್ಕೊಂದು ರಜೆ ಅಂತ ಇದೆ. ಕೊಡದಿದ್ದರೆ ಏನು ಮಾಡಬೇಕು ಅನ್ನೋದನ್ನೂ ಯಾರಾದರೂ ಬರೀಬೇಕಿದೆ.