ಪದವಿಪೂರ್ವ ತರಗತಿಯ ಇಂಗ್ಲಿಷು

ಮಗನೋ ಮಗಳೋ ಎರಡನೆಯ ಪಿ.ಯು.ಸಿ. ತರಗತಿಗೆ ಬಂದೊಡನೆ ನಮ್ಮ ಮನೆಗಳಲ್ಲಿ ಇಂಗ್ಲಿಷ್ ಪಾಠವನ್ನು ಕುರಿತು ಎರಡು ಮಾತುಗಳು ಹುಟ್ಟುತ್ತವೆ. "ಈ ವರ್ಷವಾದರೂ ನಾಲ್ಕು ಜನರೆದುರಿಗೆ ತಡವರಿಸದೆ ಇಂಗ್ಲಿಷ್ ಮಾತನಾಡುವಂತಾಗಬೇಕು" ಎಂಬುದು ಒಂದು. "ಇಂಗ್ಲಿಷಿಗೆ ಹೆಚ್ಚು ಹೊತ್ತು ಕೊಡಬೇಡ, ಗಣಿತ ನೋಡಿಕೋ" ಎಂಬುದು ಇನ್ನೊಂದು. ಒಂದೇ ಬಾಯಿಂದ ಒಂದೇ ಸಂಜೆ ಈ ಎರಡನ್ನೂ ನಾನು ಕೇಳಿದ್ದೇನೆ. ಆ ತರಗತಿಯಿಂದ ಏನನ್ನು ಅಪೇಕ್ಷಿಸಬಹುದು, ಏನನ್ನು ಅಪೇಕ್ಷಿಸಬಾರದು ಎಂಬುದನ್ನು ಅರಿಯಬೇಕಾದರೆ ಪುಸ್ತಕವನ್ನು ತೆರೆದು ನೋಡುವುದೇ ನೇರವಾದ ದಾರಿ. ನಮ್ಮ ರಾಜ್ಯದ ಎರಡನೆಯ ಪಿ.ಯು.ಸಿ.ಗೆಂದು 2014ರಲ್ಲಿ ಬಂದ 'ಸ್ಪ್ರಿಂಗ್ಸ್' ಎಂಬ ಸಂಕಲನವನ್ನು ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದ್ದೇನೆ.

ಹದಿನಾಲ್ಕು ಪಾಠಗಳ ಪುಸ್ತಕವಿದು. ಷೇಕ್ಸ್‌ಪಿಯರನಿಂದ ಮೊದಲಾಗಿ ತೆಲುಗಿನ ಚಲ್ಲಪಲ್ಲಿ ಸ್ವರೂಪರಾಣಿಯವರು ನೀರನ್ನು ಕುರಿತು ಬರೆದ ಕವಿತೆಯಲ್ಲಿ ಮುಗಿಯುತ್ತದೆ. ಓದುವವರು ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಈ ಲೇಖಕರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು ಷೇಕ್ಸ್‌ಪಿಯರನೊಬ್ಬನೇ. ಯೇಟ್ಸ್ ಐರ್ಲೆಂಡಿನವನು, ಜಾರ್ಜ್ ಮಿಕೆಶ್ ಹಂಗೆರಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದವನು, ಅಚೀಬಿ ನೈಜೀರಿಯಾದವನು. ಪಾಠಗಳಲ್ಲಿ ಅರ್ಧದಷ್ಟು ರಷ್ಯನ್, ಸ್ಪ್ಯಾನಿಷ್, ತೆಲುಗು, ಕನ್ನಡಗಳಿಂದ ಇಂಗ್ಲಿಷಿಗೆ ಬಂದವು. ಆಂಗ್ಲರ ನಡೆನುಡಿಗಳನ್ನು ಅನುಕರಿಸಲು ಕಲಿಸುವ ಪುಸ್ತಕ ಇದಲ್ಲವೆಂಬುದು ಇದರಿಂದಲೇ ಸ್ಪಷ್ಟ. ಇಲ್ಲಿ ಇಂಗ್ಲಿಷು ಒಂದು ಪಡಸಾಲೆ. ಹಲವು ದೇಶಗಳಿಂದ ಬಂದವರು ಅದರಲ್ಲಿ ಕುಳಿತು ಮಾತನಾಡುತ್ತಾರೆ. ನಮ್ಮ ಮಕ್ಕಳು ಅಲ್ಲಿ ಕಲಿಯಬೇಕಾದದ್ದು ಮೊದಲಿಗೆ ಕಿವಿಗೊಡುವುದನ್ನು. ಮಾತುಗಾರಿಕೆಯನ್ನು ಬಯಸುವವರಿಗೆ ಇದರಿಂದ ನಿರಾಶೆಯಾಗುವುದು ಸಹಜವೇ. ಅರುವತ್ತು ಎಪ್ಪತ್ತು ಮಂದಿ ಕುಳಿತ ಕೊಠಡಿಯಲ್ಲಿ ಒಬ್ಬೊಬ್ಬನ ನಾಲಗೆಯನ್ನೂ ತಿದ್ದಲು ಯಾವ ಉಪಾಧ್ಯಾಯರಿಗೂ ಸಾಧ್ಯವಿಲ್ಲ.

ಸಂಕಲನದಲ್ಲಿ ದೋಷವಿಲ್ಲವೆಂದಲ್ಲ. ರೋಮಿಯೋ ಜೂಲಿಯೆಟ್ ನಾಟಕದಿಂದ ಎರಡು ಭಾಷಣಗಳನ್ನು ಮಾತ್ರ ಕತ್ತರಿಸಿ ಕೊಟ್ಟಿರುವುದು, ಅಡಿಗೆಯಿಲ್ಲದೆ ಬರಿಯ ಒಗ್ಗರಣೆಯನ್ನು ಬಡಿಸಿದಂತಾಗಿದೆ. ಎರಡು ಮನೆತನಗಳ ಹಗೆಯನ್ನು ತಿಳಿಯದವನಿಗೆ ಆ ಪ್ರೇಮಿಗಳ ಮಾತು ಕೇವಲ ಅತಿಶಯೋಕ್ತಿಯಾಗಿ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ನಾಟಕವು 'ರಾಮವರ್ಮ ಲೀಲಾವತಿ' ಎಂದು ಕನ್ನಡದ ಉಡುಗೆ ತೊಟ್ಟಿತ್ತೆಂದು ತಿಳಿಸಿ, ಕಥೆಯನ್ನು ಒಂದು ಗಂಟೆ ಹೇಳುವ ಉಪಾಧ್ಯಾಯರು ದೊರೆತರೆ ವಿದ್ಯಾರ್ಥಿಯ ಭಾಗ್ಯ.

ಗಿಬ್ರಾನನ ಕವಿತೆಯದು ಬೇರೊಂದು ವಿನೋದ. ಮಕ್ಕಳು ನಿಮ್ಮ ಸ್ವತ್ತಲ್ಲವೆಂದು ಆತನು ತಂದೆತಾಯಿಗಳಿಗೆ ಹೇಳಿದ ಮಾತನ್ನು ಮಕ್ಕಳಿಗೆ ಪಾಠಮಾಡಿ ಮಕ್ಕಳಿಗೇ ಪರೀಕ್ಷೆ ಕೊಡುತ್ತೇವೆ. ಪರೀಕ್ಷೆಗೆ ಕೂರಬೇಕಾದವರು ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಕುವೆಂಪು ಅವರ ಕವಿತೆಯನ್ನೂ ಲಂಕೇಶರ ತೋಟಗಾರನ ಕಥೆಯನ್ನೂ ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಓದಬೇಕೆ ಎಂದು ಹಲವರು ಆಕ್ಷೇಪಿಸುತ್ತಾರೆ. ನನಗೂ ಮೊದಲು ಅದು ಹಾಸ್ಯಾಸ್ಪದವಾಗಿಯೇ ಕಂಡಿತು. ಈಗ ಹಾಗೆ ತೋರುವುದಿಲ್ಲ. ಸ್ವರ್ಗವು ಈ ಭೂಮಿಯಲ್ಲಿಯೇ ಇದೆಯೆಂಬ ಕವಿತೆಯ ಕನ್ನಡ ಮೂಲವನ್ನು ಗ್ರಂಥಾಲಯದಿಂದ ತಂದು ಪಕ್ಕದಲ್ಲಿಟ್ಟುಕೊಂಡರೆ, ಎಲ್ಲಿ ಇಂಗ್ಲಿಷು ಅರ್ಥವನ್ನು ಹಿಡಿದು ನಾದವನ್ನು ಬಿಟ್ಟಿದೆ, ಎಲ್ಲಿ ಪದ ಸಿಕ್ಕದೆ ಸುತ್ತುದಾರಿ ಹಿಡಿದಿದೆ ಎಂಬುದು ಹದಿನೇಳು ವರ್ಷದವರಿಗೂ ಕಾಣುತ್ತದೆ. ಎರಡು ಭಾಷೆಗಳೂ ಏಕಕಾಲದಲ್ಲಿ ಕಲಿತಂತಾಗುತ್ತದೆ. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕವನ್ನು ಕನ್ನಡಕ್ಕಿತ್ತದ್ದು ಇಂತಹ ತೂಗಿನೋಡುವಿಕೆಯಿಂದಲೇ ಅಲ್ಲವೆ? ಅಂದು ಸರಕು ಆ ಕಡೆಯಿಂದ ಈ ಕಡೆಗೆ ಬಂದಿತು. ಇಂದು ಈ ಕಡೆಯಿಂದ ಆ ಕಡೆಗೂ ಹೋಗುತ್ತಿದೆ.

ಹೀಗೆ ಪುಸ್ತಕವು ಒಟ್ಟಿನಲ್ಲಿ ಒಳ್ಳೆಯದು. ಅದನ್ನು ತೆರೆಯದೆಯೇ ಪಾಸಾಗುವ ಮಾರ್ಗವೊಂದಿರುವುದೇ ನಮ್ಮ ಕೊರಗು. ಒಂದು ವಾಕ್ಯದ ಪ್ರಶ್ನೆ, ಎಂಬತ್ತರಿಂದ ನೂರು ಪದಗಳ ಪ್ರಶ್ನೆ, ಇನ್ನೂರು ಪದಗಳ ಪ್ರಶ್ನೆ ಎಂದು ಪರೀಕ್ಷೆಯ ಅಚ್ಚು ಗೊತ್ತಾಗಿರುವುದರಿಂದ, ಆ ಅಳತೆಗೆ ಹೊಲಿದ ಉತ್ತರಗಳು ಪೇಟೆಯಲ್ಲಿ ಗೈಡುಗಳ ರೂಪದಲ್ಲಿ ದೊರೆಯುತ್ತವೆ. ಉದ್ಯೋಗದ ಅರ್ಜಿ, ಟಿಪ್ಪಣಿ, ವ್ಯಾಕರಣಗಳ ವಿಷಯ ಹೇಳಬೇಕಾದದ್ದಿಲ್ಲ; ಅವು ಅಭ್ಯಾಸದಿಂದ ಬರತಕ್ಕವು, ಬರಲಿ. ಕಥೆಗೆ ಗೈಡು ಮಾಡುವ ಅನ್ಯಾಯವೇ ಬೇರೆ.

ಟಾಲ್‌ಸ್ಟಾಯ್ ಮೊಪಾಸಾನನ್ನು ಅನುಸರಿಸಿ ಬರೆದ ಮೊನಾಕೋ ರಾಜ್ಯದ ಕಥೆಯನ್ನೇ ನೋಡಿ. ಆ ಪುಟ್ಟ ರಾಜ್ಯದಲ್ಲಿ ಒಬ್ಬನು ಕೊಲೆಮಾಡುತ್ತಾನೆ. ತಲೆ ಕಡಿಯುವ ಯಂತ್ರಕ್ಕೆ ಫ್ರಾನ್ಸು 16,000 ಫ್ರಾಂಕ್ ಕೇಳುತ್ತದೆ, ಇಟಲಿ 12,000 ಕೇಳುತ್ತದೆ. ದುಬಾರಿಯಾಯಿತೆಂದು ಸೆರೆಯಲ್ಲಿಟ್ಟರೆ ಅವನ ಊಟ ಮತ್ತು ಕಾವಲಿನ ಖರ್ಚು ವರ್ಷಕ್ಕೆ 600 ಫ್ರಾಂಕ್ ಮೀರುತ್ತದೆ. ಓಡಿಹೋಗಲೆಂದು ಕಾವಲುಗಾರನನ್ನು ತೆಗೆದರೆ ಖೈದಿ ಓಡುವುದಿಲ್ಲ: ನನ್ನ ಹೆಸರು ಕೆಡಿಸಿದಿರಿ, ದುಡಿಮೆಯ ಅಭ್ಯಾಸ ತಪ್ಪಿಸಿದಿರಿ, ಎಲ್ಲಿಗೆ ಹೋಗಲಿ ಎನ್ನುತ್ತಾನೆ. ಕೊನೆಗೆ 600 ಫ್ರಾಂಕ್ ವರ್ಷಾಶನ ಪಡೆದು ಗಡಿ ದಾಟಿ ತರಕಾರಿ ಬೆಳೆಯುತ್ತಾನೆ. ಪರೀಕ್ಷೆಯು ಈ ಅಂಕಿಗಳನ್ನು ಕೇಳುತ್ತದೆ. ನಗು ಬಂದಿತೆ, ಬಂದ ಮೇಲೆ ಎಲ್ಲಿ ನಿಂತಿತು ಎಂದು ಕೇಳುವುದಿಲ್ಲ. ಸತ್ತವನ ಹೆಸರೇ ಕಥೆಯಲ್ಲಿಲ್ಲವಲ್ಲ ಎಂದು ಯಾವ ಹುಡುಗನಾದರೂ ಎದ್ದು ಹೇಳಿದರೆ, ಅದಕ್ಕೆ ಯಾವ ಗೈಡಿನಲ್ಲಿಯೂ ಉತ್ತರ ಸಿಕ್ಕುವ ಹಾಗಿಲ್ಲ.

ನನ್ನ ಪರಿಚಿತರ ಮಗಳೊಬ್ಬಳು ಅಚೀಬಿಯ 'ಮತದಾರ' ಕಥೆಗೆ ಗೈಡಿನ ಇನ್ನೂರು ಪದಗಳನ್ನು ಉಸಿರು ಬಿಡದೆ ಒಪ್ಪಿಸಿದಳು. ರೂಫ್ ಎಂಬುವನು ಮಂತ್ರಿ ಮಾರ್ಕಸನ ಪರವಾಗಿ ಊರಲ್ಲಿ ಮತ ಕೂಡಿಸುವವನು. ವಿರೋಧಿ ಮಡುಕನ ಕಡೆಯಿಂದ ಐದು ಪೌಂಡು ತೆಗೆದುಕೊಂಡು ದೇವರ ಮುಂದೆ ಪ್ರಮಾಣಮಾಡುತ್ತಾನೆ. ಕೊನೆಗೆ ಮತದ ಚೀಟಿಯನ್ನು ಎರಡಾಗಿ ಹರಿದು ಎರಡು ಪೆಟ್ಟಿಗೆಗಳಿಗೂ ಹಾಕುತ್ತಾನೆ. ಎಲ್ಲವೂ ಸರಿಯಾಗಿತ್ತು. "ಅಮ್ಮಾ, ಆ ಹರಿದ ಚೀಟಿ ಯಾರ ಲೆಕ್ಕಕ್ಕೆ ಬಂದಿತು?" ಎಂದೆ. ಅವಳು ತಬ್ಬಿಬ್ಬಾಗಿ, "ಅದು ಪ್ರಶ್ನೆಯಲ್ಲಿ ಬರುವುದಿಲ್ಲ, ಮಾಮಾ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಪುಸ್ತಕವನ್ನು ತಂದು ಕೊನೆಯ ಪುಟವನ್ನು ತಾನೇ ಓದಿದಳು. ಅವನು ಮೊದಲ ತುಂಡನ್ನು ಮಡುಕನ ಪೆಟ್ಟಿಗೆಗೇ ಏಕೆ ಹಾಕಿದ, ಬಾಯಿಬಿಟ್ಟು ಏಕೆ ಹೇಳಿದ ಎಂದು ನನ್ನನ್ನೇ ಕೇಳಿದಳು. ದೇವರಿಗೆ ಹೆದರಿದನೆಂದು ನಾನೆಂದೆ. "ಹೆದರಿದವನು ಪೂರ್ತಿ ಹಾಕಬೇಕಿತ್ತು" ಎಂದಳು. ಅವಳ ತಂದೆ ಪತ್ರಿಕೆಯನ್ನು ಕೆಳಗಿಟ್ಟು, ನಮ್ಮ ಊರಿನ ಚುನಾವಣೆಯ ಮಾತು ತೆಗೆದರು. ರಾತ್ರಿಯ ಊಟಕ್ಕೆ ಕರೆ ಬರುವವರೆಗೂ ಆ ವಾದ ನಡೆಯಿತು, ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ.