ಗೆದ್ದ ಬ್ರೀಫ್ ಮಾತ್ರವೇ ಮಾದರಿಯಲ್ಲ

ಮೇಲ್ಮನವಿಯ ಬ್ರೀಫ್ ಬರೆಯಲು ಕಲಿಯುತ್ತಿರುವವರು ಮೊದಲು ಕೇಳುವುದು ಇದನ್ನೇ: ‘ಒಳ್ಳೆಯ ಮಾದರಿ ಎಲ್ಲಿ ಸಿಗುತ್ತದೆ ಸರ್?’ ಮೂಟ್ ಕೋರ್ಟಿಗೆ ಮೆಮೋರಿಯಲ್ ಸಿದ್ಧಪಡಿಸುವ ಬೆಂಗಳೂರಿನ ವಿದ್ಯಾರ್ಥಿಗಳೂ ಎಲ್‌ಎಲ್‌ಎಂ ಓದಲು ಅಮೆರಿಕಕ್ಕೆ ಹೋದವರೂ ಕೇಳುತ್ತಾರೆ. ಸಿಗುವುದೇನೂ ಕಷ್ಟವಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಇ–ಫೈಲಿಂಗ್ ಆರಂಭಿಸಿತು. ಅಲ್ಲಿಂದೀಚೆಗಿನ ಬ್ರೀಫ್‌ಗಳನ್ನು ಕೋರ್ಟಿನ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ಕೆಳಗಿನ ಫೆಡರಲ್ ಕೋರ್ಟ್‌ಗಳ ಕಡತ ಬೇಕಿದ್ದರೆ ‘ಪೇಸರ್’ ವ್ಯವಸ್ಥೆಯಿದೆ. ಅಲ್ಲಿ ಪುಟಕ್ಕೆ 10 ಸೆಂಟ್, ಒಂದು ಬ್ರೀಫ್‌ಗೆ ಹೆಚ್ಚೆಂದರೆ 3 ಡಾಲರ್.

ಕಷ್ಟವಿರುವುದು ಆಯ್ಕೆಯಲ್ಲಿ. ಗೆದ್ದ ಪ್ರಕರಣದ ಬ್ರೀಫೇ ಒಳ್ಳೆಯದೆಂದು ಬಹಳಷ್ಟು ವಿದ್ಯಾರ್ಥಿಗಳು ನಂಬಿದ್ದಾರೆ. ಆದರೆ ಅಮೆರಿಕದ ಲೀಗಲ್ ರೈಟಿಂಗ್ ತರಗತಿಗಳಲ್ಲಿ ತುಂಬ ಮೆಚ್ಚುಗೆ ಪಡೆದ ಬ್ರೀಫ್‌ಗಳಲ್ಲೊಂದು ಸೋತ ಪಕ್ಷದ್ದು. ಅಲಾಸ್ಕ ರಾಜ್ಯದ ಪರವಾಗಿ ಅದನ್ನು ಸಿದ್ಧಪಡಿಸಿದವರು ಆಗ ವಕೀಲರಾಗಿದ್ದ, ಈಗ ಮುಖ್ಯ ನ್ಯಾಯಮೂರ್ತಿಯಾಗಿರುವ ಜಾನ್ ರಾಬರ್ಟ್ಸ್. ರೆಡ್ ಡಾಗ್ ಎಂಬ ಸತುವಿನ ಗಣಿಗೆ ಹೊಸ ಜನರೇಟರ್ ಬೇಕಿತ್ತು. ಅದರ ಹೊಗೆಯನ್ನು ತಗ್ಗಿಸಲು ಯಾವ ತಂತ್ರಜ್ಞಾನ ಸಾಕು ಎಂದು ರಾಜ್ಯ ತೀರ್ಮಾನಿಸಿತು, ಕೇಂದ್ರದ ಪರಿಸರ ಸಂಸ್ಥೆ ಒಪ್ಪಲಿಲ್ಲ. ಕೊನೆಯ ಮಾತು ಯಾರದ್ದು ಎಂಬುದೇ ವ್ಯಾಜ್ಯ.

ಇಷ್ಟು ಒಣ ವಿಷಯವನ್ನು ರಾಬರ್ಟ್ಸ್ ಹೇಗೆ ಹೇಳುತ್ತಾರೆ ನೋಡಿ. ಅಲಾಸ್ಕದ ಬೆಟ್ಟಗಳ ಮೇಲೆ ಪುಟ್ಟ ವಿಮಾನದಲ್ಲಿ ಹಾರಾಡುತ್ತ ಅದಿರು ಹುಡುಕುತ್ತಿದ್ದ ಬಾಬ್ ಬೇಕರ್‌ಗೆ ತೊರೆಯ ತಳ ತುಕ್ಕುಗೆಂಪಾಗಿ ಕಂಡದ್ದು, ಜೊತೆಗೆ ಹಾರುತ್ತಿದ್ದ ಅವನ ಕೆಂಗಂದು ನಾಯಿಯಿಂದ ಆ ಜಾಗಕ್ಕೆ ಹೆಸರು ಬಂದದ್ದು, ಇವೆಲ್ಲ ಬ್ರೀಫ್‌ನ ಸಂಗತಿಗಳ ಭಾಗದಲ್ಲೇ ಬರುತ್ತವೆ. ಅಲ್ಲಿ ವಾದದ ಒಂದು ಮಾತೂ ಇಲ್ಲ. ಆದರೆ ಓದಿ ಮುಗಿಸುವಷ್ಟರಲ್ಲಿ, ಇಷ್ಟು ದೂರದ ಸೀಮೆಯ ಸಂಗತಿ ಅಲ್ಲಿನವರಿಗೇ ಚೆನ್ನಾಗಿ ಗೊತ್ತು ಎಂಬ ಭಾವ ಮನಸ್ಸಿಗೆ ಬಂದಿರುತ್ತದೆ. ಅಲಾಸ್ಕದ ವಾದದ ತಿರುಳೂ ಅದೇ. ಅಲಂಕಾರಕ್ಕೆಂದು ಬಂದಂತೆ ಕಾಣುವ ನಾಯಿಯೂ ಅಲ್ಲಿ ಕೆಲಸ ಮಾಡುತ್ತಿದೆ. ಆದರೂ 2004ರ ಜನವರಿಯಲ್ಲಿ ತೀರ್ಪು 5–4ರಿಂದ ಕೇಂದ್ರದ ಪರವಾಗಿ ಬಂತು.

ಹಾಗಾಗಿ ನನ್ನ ಸಲಹೆ ಇಷ್ಟೆ: ಮಾದರಿಯೆಂದು ಒಂದೇ ಬ್ರೀಫ್ ತೆಗೆದುಕೊಳ್ಳಬೇಡಿ, ಜೋಡಿಯನ್ನು ತೆಗೆದುಕೊಳ್ಳಿ. ಮೇಲ್ಮನವಿದಾರರ ಬ್ರೀಫ್‌ನ ಪಕ್ಕದಲ್ಲಿ ಎದುರು ಪಕ್ಷದ ಬ್ರೀಫ್ ಇರಲಿ, ಜೊತೆಗೆ ತೀರ್ಪು. ಮುದ್ರಿತ ಪ್ರತಿಗಳಾದರೆ ಹೊದಿಕೆ ನೋಡಿಯೇ ಗುರುತಿಸಬಹುದು: ಮೇಲ್ಮನವಿದಾರರದು ತಿಳಿನೀಲಿ, ಎದುರು ಪಕ್ಷದ್ದು ತಿಳಿಗೆಂಪು, ಮರು ಉತ್ತರ ಹಳದಿ, ಕೇಂದ್ರ ಸರ್ಕಾರದ್ದು ಬೂದು. ಬೂದು ಹೊದಿಕೆಯ ಬ್ರೀಫ್‌ಗಳನ್ನು ಬರೆಯುವುದು ಸಾಲಿಸಿಟರ್ ಜನರಲ್ ಕಚೇರಿ. ಅಡಕವಾದ, ಅಬ್ಬರವಿಲ್ಲದ ಬರವಣಿಗೆ ಕಲಿಯಬೇಕೆಂದರೆ ಅಲ್ಲಿಂದಲೇ ಶುರುಮಾಡಿ.

ಓದುವಾಗ ಮೊದಲು ಕೋರ್ಟಿನ ಮುಂದಿಟ್ಟ ಪ್ರಶ್ನೆಯನ್ನು ನೋಡಿ. ಒಂದೇ ವ್ಯಾಜ್ಯಕ್ಕೆ ಎರಡು ಪಕ್ಷಗಳು ಎರಡು ಬಗೆಯ ಪ್ರಶ್ನೆ ಬರೆದಿರುತ್ತವೆ. ಆಮೇಲೆ ಪರಿವಿಡಿ. ಒಳ್ಳೆಯ ಬ್ರೀಫ್‌ನ ಉಪಶೀರ್ಷಿಕೆಗಳು ಪೂರ್ಣ ವಾಕ್ಯಗಳಾಗಿರುತ್ತವೆ, ಅವನ್ನಷ್ಟೇ ಓದಿದರೂ ಇಡೀ ವಾದ ತಿಳಿಯಬೇಕು. ತಿಳಿಯದಿದ್ದರೆ ಆ ಬ್ರೀಫ್ ಬಿಟ್ಟು ಬೇರೆಯದನ್ನು ಹುಡುಕಿ. ಮೂರನೆಯದಾಗಿ, ತಮಗೆ ವಿರುದ್ಧವಾದ ಪೂರ್ವನಿರ್ಣಯವನ್ನು ವಕೀಲರು ಎಲ್ಲಿ, ಹೇಗೆ ಎದುರಿಸಿದ್ದಾರೆ ಎಂದು ಗಮನಿಸಿ. ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟಿದ್ದಾರೋ, ನೇರವಾಗಿ ಎತ್ತಿಕೊಂಡು ಉತ್ತರಿಸಿದ್ದಾರೋ? ವಕೀಲರ ಕಸುಬುದಾರಿಕೆ ಗೊತ್ತಾಗುವುದು ಇಲ್ಲೇ.

ಚರಿತ್ರೆಯಲ್ಲಿ ಹೆಸರಾದ ಬ್ರೀಫ್‌ಗಳನ್ನೂ ಓದಿ, ಆದರೆ ರೂಪಕ್ಕಾಗಿ ಅಲ್ಲ. ಹೆಣ್ಣುಮಕ್ಕಳ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಿಗೊಳಿಸಿದ್ದ ಆರೆಗಾನ್ ಕಾನೂನಿನ ಪರವಾಗಿ ಲೂಯಿ ಬ್ರ್ಯಾಂಡೈಸ್ 1908ರಲ್ಲಿ ಸಲ್ಲಿಸಿದ ಬ್ರೀಫ್ ನೂರು ಪುಟ ಮೀರಿತ್ತು. ಕಾನೂನಿನ ವಾದಕ್ಕೆ ಸಂದದ್ದು ಬರೀ ಎರಡು ಪುಟ. ಉಳಿದದ್ದೆಲ್ಲ ಜೋಸೆಫೀನ್ ಗೋಲ್ಡ್‌ಮಾರ್ಕ್ ಮತ್ತು ಸಂಗಡಿಗರು ಕಲೆಹಾಕಿದ ವೈದ್ಯರ, ಕಾರ್ಖಾನೆ ತಪಾಸಕರ ವರದಿಗಳು. ಜಗತ್ತಿನ ಸಂಗತಿಗಳೂ ವಾದವಾಗಬಲ್ಲವು ಎಂದು ಕಲಿಸಿದ ಬ್ರೀಫ್ ಅದು. ಆದರೆ ಅಳತೆ, ಕಟ್ಟುಪಾಡುಗಳಿಗೆ ಇತ್ತೀಚಿನದನ್ನೇ ನೋಡಬೇಕು. ಸುಪ್ರೀಂ ಕೋರ್ಟ್‌ನ ಮುಖ್ಯ ಬ್ರೀಫ್‌ಗಳ ಮಿತಿ 2019ರಲ್ಲಿ 15,000 ಪದಗಳಿಂದ 13,000ಕ್ಕೆ ಇಳಿಯಿತು. ನೀವು ಯಾವ ಕೋರ್ಟಿಗೆ ಬರೆಯುತ್ತೀರೋ ಆ ಕೋರ್ಟಿನದೇ, ಹತ್ತಿರದ ವರ್ಷಗಳದೇ ಮಾದರಿ ಇಟ್ಟುಕೊಳ್ಳಿ.

ನಮ್ಮ ಕಾನೂನು ಕಾಲೇಜುಗಳ ಲೈಬ್ರರಿಗಳಲ್ಲಿ ತೀರ್ಪುಗಳ ಸಂಪುಟಗಳು ಸಾಲಾಗಿವೆ. ಆ ತೀರ್ಪುಗಳ ಹಿಂದಿನ ಲಿಖಿತ ವಾದಗಳು ಮಾತ್ರ ವಕೀಲರ ಚೇಂಬರಿನ ಕಪಾಟುಗಳಲ್ಲೇ ಉಳಿದುಬಿಡುತ್ತವೆ. ಹೈಕೋರ್ಟ್‌ನ ಹಿರಿಯ ವಕೀಲರು ಕಕ್ಷಿದಾರರ ಒಪ್ಪಿಗೆ ಪಡೆದು, ಮುಗಿದ ಪ್ರಕರಣಗಳ ಎರಡೂ ಕಡೆಯ ವಾದಗಳನ್ನು ತೀರ್ಪಿನ ಸಮೇತ ಕಾಲೇಜುಗಳಿಗೆ ಕೊಡಬೇಕು. ಹೇಗೆ ತೀರ್ಪಾಯಿತೆಂದು ಓದಿ ಬೆಳೆಯುವ ನಮ್ಮ ಮಕ್ಕಳು ಹೇಗೆ ವಾದಿಸಿದರೆಂದೂ ಓದಿ ಬೆಳೆಯಲಿ.