ಗೂಢಾಯಾಮವಾದದ ಪ್ರಮಾಣವಿಚಾರ

ಮನುಷ್ಯನ ಇಂದ್ರಿಯಗಳಿಗೆ ಗೋಚರವಾಗುವ ಉದ್ದ, ಅಗಲ, ಎತ್ತರಗಳೆಂಬ ಮೂರು ಆಯಾಮಗಳಲ್ಲದೆ, ಗೂಢವಾದ ಬೇರೆ ಆಯಾಮಗಳೂ ವಿಶ್ವದಲ್ಲುಂಟೆಂಬ ವಾದವು ಪಾಶ್ಚಾತ್ಯ ಭೌತವಿಜ್ಞಾನದಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಇದನ್ನು ಕೇಳಿದೊಡನೆಯೇ ಕೆಲವರು, ಪುರಾಣೋಕ್ತವಾದ ಚತುರ್ದಶಭುವನಗಳು ಇವೇ ಎಂದು ಹರ್ಷಿಸುವರು. ಮತ್ತೆ ಕೆಲವರು, ಕಾಣದುದು ಇಲ್ಲವೇ ಇಲ್ಲವೆಂದು ತಳ್ಳಿಬಿಡುವರು. ಪ್ರಮಾಣವಿಚಾರವನ್ನು ಮಾಡದೆ ಹೇಳಿದ ಕಾರಣ ಈ ಎರಡು ಮತಗಳೂ ಅಗ್ರಾಹ್ಯವಾಗಿವೆ.

ಮೊದಲು ವಾದದ ಸ್ವರೂಪವನ್ನು ತಿಳಿಯಬೇಕು. 1915ರಲ್ಲಿ ಐನ್‌ಸ್ಟೈನರು ಗುರುತ್ವಾಕರ್ಷಣಕ್ಕೆ ಕಾಲಸಹಿತವಾದ ನಾಲ್ಕು ಆಯಾಮಗಳಲ್ಲಿ ಸಮೀಕರಣಗಳನ್ನು ರಚಿಸಿದರು. ಥಿಯೋಡೋರ್ ಕಲುಜಾ ಎಂಬ ಗಣಿತಜ್ಞರು ಅವುಗಳನ್ನೇ ಐದು ಆಯಾಮಗಳಿಗೆ ವಿಸ್ತರಿಸಲು, ವಿದ್ಯುತ್ಕಾಂತಗಳ ಸಮೀಕರಣಗಳು ಅದರೊಳಗಿಂದಲೇ ದೊರೆತವು. 1919ರಲ್ಲಿ ಅವರು ಐನ್‌ಸ್ಟೈನರಿಗೆ ಕಳುಹಿದ ಈ ಲೇಖನವು 1921ರಲ್ಲಿ ಪ್ರಕಟವಾಯಿತು. ಎರಡು ಬಲಗಳಿಗೆ ಒಂದೇ ಮೂಲವನ್ನು ಹೇಳುವ ಈ ಕಲ್ಪನಾಲಾಘವವೇ ವಾದದ ಜೀವಾಳವು.

ಐದನೆಯ ಆಯಾಮವುಂಟಾದರೆ ಕಾಣದಿರುವುದೇಕೆ? 1926ರಲ್ಲಿ ಆಸ್ಕರ್ ಕ್ಲೈನರು ಇದಕ್ಕೆ ಸಮಾಧಾನ ಹೇಳಿದರು. ಜನಿವಾರದ ಎಳೆಯು ದೂರದಿಂದ ನೋಡುವವನಿಗೆ ಬರಿಯ ಉದ್ದವಾಗಿ ತೋರುವುದು. ಅದನ್ನು ಬೆರಳುಗಳ ನಡುವೆ ಹೊಸೆದವನಿಗೆ ಮಾತ್ರ ಅದಕ್ಕೊಂದು ಸುತ್ತಳತೆಯುಂಟೆಂಬುದು ತಿಳಿಯುವುದು. ಹಾಗೆಯೇ ಐದನೆಯ ಆಯಾಮವು ಪ್ರತಿಯೊಂದು ಬಿಂದುವಿನಲ್ಲಿಯೂ ತನ್ನೊಳಗೆ ತಾನೇ ಸುತ್ತಿಕೊಂಡಿದೆ. ಅದರ ಅಳತೆಯು ಒಂದು ಮೀಟರನ್ನು, 1ರ ಮುಂದೆ 32 ಸೊನ್ನೆಗಳುಳ್ಳ ಸಂಖ್ಯೆಯಿಂದ ಭಾಗಿಸಿದಷ್ಟು ಸೂಕ್ಷ್ಮವೆಂಬುದು ಅವರ ಗಣನೆ. ಮುಂದೆ ಬಂದ ತಂತುಸಿದ್ಧಾಂತವು ಕಾಲವೂ ಸೇರಿ ಹತ್ತು ಆಯಾಮಗಳನ್ನು ಬೇಡಿತು. 1995ರಲ್ಲಿ ವಿಟನ್ನರು ಹನ್ನೊಂದನ್ನು ಹೇಳಿದರು.

ಅತೀಂದ್ರಿಯವೆಂಬುದೊಂದೇ ಇದಕ್ಕೆ ದೋಷವಾಗಲಾರದು. ವೈಶೇಷಿಕರು ಪರಮಾಣುವನ್ನು ಕಂಡು ಹೇಳಿದವರಲ್ಲ. ಗವಾಕ್ಷದಿಂದ ಬಂದ ಬಿಸಿಲಿನಲ್ಲಿ ತೋರುವ ತ್ರ್ಯಣುಕವೆಂಬ ಕಾರ್ಯದಿಂದ ಅದನ್ನು ಅನುಮಾನಿಸಿದರು. ದಿಕ್ಕೆಂಬ ದ್ರವ್ಯವನ್ನೂ ದೂರ ಸಮೀಪಗಳೆಂಬ ಪ್ರತೀತಿಯಿಂದಲೇ ಸಾಧಿಸಿದರು. ಆದರೆ ಆ ಎರಡು ಕಡೆಗಳಲ್ಲಿಯೂ ಲಿಂಗವು ಪ್ರತ್ಯಕ್ಷವಾಗಿತ್ತು. ಗೂಢಾಯಾಮಕ್ಕೆ ಅಂತಹ ಲಿಂಗವಾವುದೆಂಬುದೇ ಪ್ರಶ್ನೆ. ಲಾಘವವು ಎರಡು ಪಕ್ಷಗಳಲ್ಲಿ ಒಂದನ್ನು ಆರಿಸುವುದಕ್ಕೆ ಸಹಾಯಕವಾದೀತೇ ಹೊರತು ಸ್ವತಃ ಪ್ರಮಾಣವಾಗಲಾರದು. ಮೇಲಾಗಿ ಕ್ಲೈನರ ಗಣನೆಯಂತೆ ವಿದ್ಯುತ್ತುಳ್ಳ ಕಣಗಳು ಎಲೆಕ್ಟ್ರಾನಿಗಿಂತ ಕೋಟಿ ಕೋಟಿ ಪಾಲು ಭಾರವಾಗಬೇಕಾಗುವುದು. ಇದು ದೃಷ್ಟವಿರುದ್ಧವು.

ಅನುಪಲಬ್ಧಿಯ ಬಲವನ್ನೂ ಇಲ್ಲಿ ತೂಗಿ ನೋಡಬೇಕು. ಅದನ್ನು ಬೇರೆ ಪ್ರಮಾಣವೆನ್ನುವ ಭಾಟ್ಟರೂ ಹಾಗೆನ್ನದ ನೈಯಾಯಿಕರೂ ಒಂದು ನಿಯಮವನ್ನು ಒಪ್ಪುವರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದರ ಅಭಾವವು ನಿಶ್ಚಯವಾಗುವುದು. ಬೆಳಕುಳ್ಳ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಪರಮಾಣು ಕಾಣದಿದ್ದರೆ ಪರಮಾಣುವಿಲ್ಲವೆಂದು ಹೇಳಲಾಗದು.

1998ರಲ್ಲಿ ಅರ್ಕಾನಿ-ಹಮೆದ್, ಡಿಮೊಪೌಲೋಸ್, ಡ್ವಾಲಿ ಎಂಬ ಮೂವರು ಪಂಡಿತರು, ಗೂಢಾಯಾಮಗಳು ಮಿಲಿಮೀಟರಿನಷ್ಟು ದೊಡ್ಡವಾಗಿಯೂ ಇರಬಹುದೆಂದು ಹೇಳಿ ವಾದವನ್ನು ಪರೀಕ್ಷಾಯೋಗ್ಯವನ್ನಾಗಿ ಮಾಡಿದರು. ದೂರವು ಅರ್ಧವಾದರೆ ಗುರುತ್ವವು ನಾಲ್ಕು ಪಾಲಾಗುವುದೆಂಬುದು ಪ್ರಸಿದ್ಧ ನಿಯಮ. ಇಂತಹ ಎರಡು ಆಯಾಮಗಳಿದ್ದರೆ, ಅವುಗಳ ಅಳತೆಗಿಂತ ಕಡಿಮೆ ದೂರದಲ್ಲಿ ಅದು ಹದಿನಾರು ಪಾಲಾಗಬೇಕು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ತಂತುವಿನಿಂದ ತೂಗಿಬಿಟ್ಟ ಸೂಕ್ಷ್ಮಯಂತ್ರದಿಂದ ಇದನ್ನು ಪರೀಕ್ಷಿಸಿದರು. ಅವರು 2020ರಲ್ಲಿ ಪ್ರಕಟಿಸಿದಂತೆ, 52 ಮೈಕ್ರೊಮೀಟರಿನಷ್ಟು ಸಮೀಪದವರೆಗೂ ಹಳೆಯ ನಿಯಮವು ಕೆಟ್ಟಿಲ್ಲ. ಇದು ಯೋಗ್ಯಾನುಪಲಬ್ಧಿಯು. ಆದುದರಿಂದ ಅದಕ್ಕಿಂತ ಹಿರಿದಾದ ಇಂತಹ ಆಯಾಮಗಳಿಲ್ಲವೆಂಬುದು ಸಿದ್ಧ. ಅತಿಸೂಕ್ಷ್ಮವಾದ ಆಯಾಮಗಳ ವಿಷಯದಲ್ಲಿಯಾದರೋ ಕಾಣದಿರುವಿಕೆಯು ಬಾಧಕವೂ ಅಲ್ಲ, ಸಾಧಕವೂ ಅಲ್ಲ. ಅಲ್ಲಿ ಸಂಶಯವೇ ಉಳಿಯುವುದು.

ಇನ್ನು ಭುವನಗಳೊಡನೆ ಮಾಡುವ ಸಮೀಕರಣ. ಲೋಕವೆಂಬುದು ಜೀವಿಗಳ ಭೋಗಸ್ಥಾನವು. ಆಯಾಮವೆಂಬುದು ಸ್ಥಾನವನ್ನು ಅಳೆಯುವ ಕ್ರಮವು. ಮನೆಯ ಉದ್ದವನ್ನು ಯಾರೂ ಇನ್ನೊಂದು ಮನೆಯೆಂದು ಕರೆಯುವುದಿಲ್ಲ. ಸಂಖ್ಯೆಯೂ ಕೂಡಿಬರುವುದಿಲ್ಲ, ಲಕ್ಷಣವೂ ಕೂಡಿಬರುವುದಿಲ್ಲ. ಮುಖ್ಯವಾದ ಹಾನಿಯು ಬೇರೊಂದುಂಟು. ಶಾಸ್ತ್ರದ ಗೌರವವನ್ನು ಇನ್ನೂ ಸಂದಿಗ್ಧವಾಗಿರುವ ವಾದಕ್ಕೆ ಕಟ್ಟಿದವನು, ನಾಳೆ ಆ ವಾದವು ಬಿದ್ದರೆ ಶಾಸ್ತ್ರವೂ ಬಿದ್ದಿತೆಂದು ಒಪ್ಪಬೇಕಾಗುವುದು. ಪೂರ್ವಾಚಾರ್ಯರು ಪರಮತದವರ ವಾದವನ್ನು ಅವರ ಅಭಿಪ್ರಾಯದಂತೆಯೇ ಪೂರ್ಣವಾಗಿ ಹೇಳಿ, ಬಳಿಕ ಪರೀಕ್ಷಿಸುತ್ತಿದ್ದರು. ಗೂಢಾಯಾಮವಾದಕ್ಕೂ ಅದೇ ಮರ್ಯಾದೆ ಸಲ್ಲಬೇಕು, ಚತುರ್ದಶಭುವನಗಳಿಗೂ ಸಲ್ಲಬೇಕು.